ನಗರಸಭೆಯ ಬೆಲೆಗೇ

ನನ್ನ ಗಂಡ ಸುಳ್ಳು ಹೇಳಿದ್ದನ್ನು ನಾನು ಮೂವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ. ನಮ್ಮ ಮನೆಯಲ್ಲಿ ಆ ಇಲಾಖೆ ನನ್ನದು. ಬೇಡದ ನೆಂಟರು ಬಂದರೆ "ಯಾರೂ ಮನೇಲಿಲ್ಲ" ಎನ್ನುವುದು, ಅನ್ನ ಹೊತ್ತಿದರೆ "ಪಾತ್ರೆ ಸರಿಯಿಲ್ಲ" ಎನ್ನುವುದು, ಎಲ್ಲ ನನ್ನ ಪಾಲಿನ ಕೆಲಸ. ಇವರಿಗೆ ಅದು ಬರುವುದೇ ಇಲ್ಲ. ಬೇಳೆಗೆ ಹುಳು ಬಿದ್ದಿದ್ದರೆ ಗಿರಾಕಿ ಬಾಯಿ ತೆರೆಯುವ ಮೊದಲೇ "ಹುಳು ಬಿದ್ದಿದೆ, ನಾಳೆ ಬನ್ನಿ" ಎಂದು ತಾವೇ ಹೇಳಿ ಕಳಿಸುವ ಮನುಷ್ಯ. ಒಳಗೆ ನಿಂತು ನಾನು ಹಲ್ಲು ಕಡಿಯುತ್ತಿದ್ದೆ.

ಅಂಗಡಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆ. ಹಿಂದೆ ಅಡುಗೆಮನೆ, ಮೇಲೆ ತಗಡಿನ ಸೂರಿನ ಕೆಳಗೆ ಮಗ ಸೊಸೆಯ ಒಂದು ಕೋಣೆ. ನಮ್ಮದು ದಿನಗೂಲಿಯವರ ಬೀದಿ. ಅಂದಿನ ಸಾಮಾನು ಅಂದೇ ಒಯ್ಯುವ ಜನ. ಕಾಲು ಕಿಲೊ ಸಕ್ಕರೆ, ನೂರು ಗ್ರಾಂ ಬೇಳೆ, ಒಂದು ಹೊತ್ತಿನ ಚಹಾಪುಡಿ, ಇವರು ಎಲ್ಲವನ್ನೂ ತೂಗಿ ಕಾಗದದಲ್ಲಿ ಕಟ್ಟಿ ಕೊಡುತ್ತಿದ್ದರು. ಬೀದಿಗೆಲ್ಲ ಇವರು ಪೊಟ್ಟಣದವರು. ಹೆಸರು ಹಿಡಿದು ಕೂಗಿದರೆ ಇವರೇ ತಿರುಗಿ ನೋಡುತ್ತಿರಲಿಲ್ಲವೇನೋ.

ಹೋದ ವರ್ಷ, ಎದುರಿಗೆ ಬೆಂಕಿ ಆರಿಸುವ ಗಾಡಿ ನಿಲ್ಲುತ್ತಿದ್ದ ಹಳೇ ಶೆಡ್ಡಿಗೆ ನಗರಸಭೆಯವರು ಸುಣ್ಣ ಬಳಿದರು. ಯಾವುದೋ ಕಚೇರಿ ಬರುತ್ತದೆ ಎಂದುಕೊಂಡೆವು. ಬಂದದ್ದು ನಗರಸಭೆಯ ದಿನಸಿ ಅಂಗಡಿ. ಸಕ್ಕರೆ ಕಿಲೊಗೆ ನಲವತ್ತು. ನಮ್ಮಲ್ಲಿ ನಲವತ್ತೆಂಟು. ಇವರು ಸಗಟು ಮಂಡಿಯಿಂದ ತರಿಸುವುದೇ ನಲವತ್ತನಾಲ್ಕಕ್ಕೆ.

"ನಾನು ಕೊಳ್ಳೋ ಬೆಲೆಗಿಂತ ಕಮ್ಮಿಗೆ ಅವರು ಮಾರ್ತಾರಲ್ಲ, ಅದು ಹೇಗೆ?" ಎಂದು ಇವರು ಊಟಕ್ಕೆ ಕೂತಾಗ ಕೇಳಿದರು.

"ಶೆಡ್ಡು ಅವರದೇ, ಬಾಡಿಗೆ ಇಲ್ಲ. ತಮಗೆ ತಾವೇ ತೆರಿಗೆ ಕಟ್ಟಬೇಕಾ? ಅಷ್ಟಾಗಿಯೂ ನಷ್ಟ ಬಂದ್ರೆ ಊರಿನ ದುಡ್ಡಿದೆ," ಎಂದ ಮಗ. ಅವನು ಸಾಮಾನಿನ ಗಾಡಿ ಓಡಿಸುತ್ತಾನೆ. ಇವರ ಮಂಡಿನೋವು ಹೆಚ್ಚಾದ ಮೇಲೆ ಮಂಡಿಯಿಂದ ಸರಕು ತರುವುದೂ ಅವನದೇ ಕೆಲಸ.

"ಅಂದ್ರೆ ನಾನು ಕಟ್ಟೋ ತೆರಿಗೆಯಿಂದಲೇ ನನ್ನ ಅಂಗಡಿ ಮುಚ್ಚಿಸ್ತಾರೆ ಅನ್ನು."

"ಹಾಗೇ ಅಂದ್ಕೊಳ್ಳಿ ಅಪ್ಪ."

ಎರಡು ತಿಂಗಳಲ್ಲಿ ಮುಕ್ಕಾಲು ಪಾಲು ಗಿರಾಕಿಗಳು ರಸ್ತೆ ದಾಟಿಬಿಟ್ಟರು. ಅವರನ್ನು ಬೈಯಲಾರೆ. ಕಿಲೊಗೆ ಎಂಟು ಉಳಿಯುವಾಗ ನಾನಾದರೂ ದಾಟುತ್ತಿದ್ದೆ. ಒಟ್ಟಿಗೆ ಒಂದು ಕಿಲೊ ಕೊಳ್ಳಲು ಕೈಯಲ್ಲಿ ಕಾಸಿಲ್ಲದವರು ಮಾತ್ರ ಉಳಿದರು. ನಗರಸಭೆಯಲ್ಲಿ ಕಾಲು ಕಿಲೊ ಕೊಡುತ್ತಿರಲಿಲ್ಲ. ಅಲ್ಲಿಗೆ, ಬೀದಿಯಲ್ಲಿ ಎಲ್ಲರಿಗಿಂತ ಬಡವರು ಎಲ್ಲರಿಗಿಂತ ಹೆಚ್ಚು ಬೆಲೆ ಕೊಟ್ಟು ನಮ್ಮಲ್ಲಿ ಕೊಳ್ಳುವಂತಾಯಿತು. ಇವರಿಗೆ ಅದು ಒಂದು ದಿನವೂ ಸರಿಬರಲಿಲ್ಲ.

ಆಗಲೇ ಸೊಸೆ ಒಂದು ಸಂಜೆ ತಟ್ಟೆ ಹಾಕುತ್ತಾ ಹೇಳಿದಳು: "ಮಾವ, ಎದುರಿನ ಅಂಗಡೀಲಿ ಬಿಲ್ಲು ಹಾಕೋ ಕೆಲಸ ಸಿಕ್ಕಿದೆ. ನಾಳೆಯಿಂದ ಹೋಗ್ತೀನಿ."

"ನನ್ನ ಸೊಸೆ ಅಲ್ಲಿ ಕೂತು ಬಿಲ್ಲು ಹಾಕ್ತಾಳಾ?"

"ಹಾಕ್ತೀನಿ. ಹೋದ ವಾರ ಈ ಮನೆಗೆ ಎಷ್ಟು ಮೊಟ್ಟೆ ಬಂತು ಹೇಳಿ ನೋಡೋಣ. ಆರು. ನಾಲ್ಕು ಜನ, ಏಳು ದಿನ, ಆರು ಮೊಟ್ಟೆ. ದಿನಸಿ ಅಂಗಡಿಯವರ ಮನೆ ಇದು!"

"ಲೇ, ಸ್ವಲ್ಪ ಮೆತ್ತಗೆ ಮಾತಾಡು," ಎಂದ ಮಗ.

"ಮೆತ್ತಗೆ ಹೇಳಿದ್ರೆ ಮೊಟ್ಟೆ ಹೆಚ್ಚಾಗುತ್ತಾ?"

ಇವರು ಅರ್ಧಕ್ಕೇ ಕೈ ತೊಳೆದರು. ಆದರೆ ಬೆಳಿಗ್ಗೆ ಅವಳು ಹೊರಟಾಗ ಕೂತಲ್ಲಿಂದಲೇ ಹೇಳಿದರು: "ಬಿಲ್ಲು ಸರಿಯಾಗಿ ಹಾಕಮ್ಮ. ಯಾರ ಅಂಗಡಿಯಾದರೇನು, ಲೆಕ್ಕ ಲೆಕ್ಕವೇ." ಅವಳು ಹೊಸ್ತಿಲಲ್ಲಿ ನಿಂತು ಕಣ್ಣು ಒರೆಸಿಕೊಂಡಳು. ಬಾಯಿ ಜೋರು, ಮನಸ್ಸು ಬೆಣ್ಣೆ. ನನಗೆ ಸಿಕ್ಕ ಸೊಸೆ ಅಂಥವಳು.

ಆಮೇಲಿನ ದಿನಗಳನ್ನು ನೆನೆಸಿಕೊಳ್ಳಲೂ ಮನಸ್ಸಿಲ್ಲ. ಇವರು ನೊಣ ಹೊಡೆಯುತ್ತಾ ಕೂತಿರುತ್ತಿದ್ದರು. ಒರೆಸಿದ ಡಬ್ಬಿಯನ್ನೇ ಒರೆಸುವರು. ಒಂದು ಮಧ್ಯಾಹ್ನ ನೋಡುತ್ತೇನೆ, ಒಳಗೆ ಏನೂ ಹಾಕದೆ ಬರೀ ಪೊಟ್ಟಣ ಕಟ್ಟುತ್ತಿದ್ದಾರೆ. ಒಂದು ಪೆಟ್ಟಿಗೆ ತುಂಬ ಖಾಲಿ ಪೊಟ್ಟಣ.

"ಏನ್ರೀ ಇದು?"

"ಕೈ ಸುಮ್ನಿರಲ್ಲ ಇವಳೇ." ಇನ್ನೊಂದು ಕಾಗದ ಮಡಿಸುತ್ತಾ ಕೇಳಿದರು, "ಅಂಗಡಿ ಮುಚ್ಚಿಬಿಟ್ರೆ ಬೆಳಿಗ್ಗೆ ಎದ್ದು ನಾನು ಎಲ್ಲಿಗೆ ಹೋಗ್ಲಿ?"

ಈ ಮನುಷ್ಯ ಅಂಗಡಿಯಿಂದ ಎದ್ದರೆ ಉಳಿಯುವುದಿಲ್ಲ ಎಂದು ಆ ಕ್ಷಣಕ್ಕೆ ತಿಳಿಯಿತು. ಅಂಗಡಿ ಉಳಿಸಬೇಕು, ಹೇಗಾದರೂ ಸರಿ. ಹೇಗಾದರೂ ಎಂದರೆ ನನ್ನ ಇಲಾಖೆ.

ಮರುದಿನ ಅಡುಗೆಮನೆಯಲ್ಲಿ ಸೊಸೆಗೆ ವಿಷಯ ಹೇಳಿದೆ. ನಗರಸಭೆಯಲ್ಲಿ ಒಬ್ಬರಿಗೆ ದಿನಕ್ಕೆ ಒಂದೊಂದು ಸಾಮಾನು ಎರಡೇ ಕಿಲೊ. ಪಕ್ಕದ ಇಸ್ತ್ರಿಯವಳು, ಅವಳ ಓರಗಿತ್ತಿಯರು ಮೂವರು, ನಾನು, ಒಟ್ಟು ಐದು ಜನ ಸಾಲಲ್ಲಿ ನಿಂತರೆ ದಿನಕ್ಕೆ ಹತ್ತು ಕಿಲೊ. ಅವರಿಗೆ ಕೂಲಿಯೆಂದು ಆಗಾಗ ಒಂದೊಂದು ಪೊಟ್ಟಣ ಚಹಾಪುಡಿ ಕೊಟ್ಟರಾಯಿತು. ಇಸ್ತ್ರಿಯವಳ ಕೋಣೆಯಲ್ಲಿ ಹಳೇ ಚೀಲಕ್ಕೆ ಸುರಿದು ಬಾಯಿ ಹೊಲಿದರೆ ಮೂಟೆ ಆಯಿತು. ಮಗ ಗಾಡಿಯಲ್ಲಿ ಹಾಕಿಕೊಂಡು ಒಂದು ಸುತ್ತು ಹೊಡೆದು ಬಂದು, ಹೊಸ ಮಂಡಿಯವನು ಕೊಟ್ಟ ಎಂದು ಇಳಿಸಿದರೆ ಮುಗಿಯಿತು.

"ಎಷ್ಟಕ್ಕೆ ಕೊಟ್ಟ ಅಂತ ಹೇಳ್ತೀರಿ?"

"ಮೂವತ್ತೆಂಟು. ಇವರು ನಲವತ್ತಕ್ಕೆ ಮಾರ್ಲಿ. ನಗರಸಭೆ ಬೆಲೆಗೆ ಕಾಲು ಕಿಲೊ ಸಿಗುತ್ತೆ ಅಂದ್ರೆ ಯಾರು ಬರಲ್ಲ?"

ಈರುಳ್ಳಿ ಹೆಚ್ಚುತ್ತಿದ್ದ ಅವಳ ಕೈ ನಿಂತಿತು. "ಅತ್ತೆ, ನಲವತ್ತಕ್ಕೆ ಕೊಂಡು ಮೂವತ್ತೆಂಟಕ್ಕೆ ಕೊಟ್ರೆ ನಡುವಿನ ಎರಡು ಯಾರು ಹಾಕೋದು?"

ನಾನು ಅವಳ ಮುಖ ನೋಡಿದೆ.

"ನನ್ನ ಸಂಬಳಾನಾ?" ಎಂದಳು. "ಎರಡು ಕೋಣೆಯ ಮನೆ ನೋಡಿಟ್ಟಿದ್ದೀನಿ ಅಂತ ನಿಮಗೆ ಗೊತ್ತು. ಬೇಸಿಗೇಲಿ ಆ ತಗಡಿನ ಕೆಳಗೆ ಮಲಗೋ ಸಂಕಟ ನಿಮಗೇನು ಗೊತ್ತು!"

"ಗೊತ್ತಿದೆ ಕಣೇ. ನಾನೂ ಹತ್ತು ವರ್ಷ ಅಲ್ಲೇ ಮಲಗಿದ್ದೆ. ಅವರ ಮುಖ ನೋಡಿದ್ದೀಯಾ ನೀನು?"

ಅವಳು ಮತ್ತೆ ಹೆಚ್ಚತೊಡಗಿದಳು. ಕೊನೆಯ ಈರುಳ್ಳಿಯನ್ನೂ ಹೆಚ್ಚಿ ಮುಗಿಸಿ ಹೇಳಿದಳು: "ಆರು ತಿಂಗಳು ಅತ್ತೆ. ಒಂದು ದಿನ ಹೆಚ್ಚಿಲ್ಲ."

ಮಗ ಮೊದಲು ಹಾರಾಡಿದ, ಅಪ್ಪನಿಗೆ ಮೋಸ ಮಾಡೋದು ನನ್ನ ಕೈಲಾಗಲ್ಲ ಎಂದ. "ಆಯ್ತು ಬಿಡು, ನೀನೇ ಹೋಗಿ ಅಂಗಡಿಗೆ ಬೀಗ ಹಾಕಿ ಕೀಲಿ ಅವರ ಕೈಗೆ ಕೊಡು," ಎಂದೆ. ಮೂರನೆಯ ದಿನ ಮೊದಲ ಮೂಟೆ ತಂದು ಇಳಿಸಿದ. ಅಪ್ಪನ ಮುಖ ನೋಡದೆ ಇಳಿಸಿದ.

ಇವರು ಸಕ್ಕರೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಒಳ್ಳೇ ಮಾಲು! ಮೂವತ್ತೆಂಟಾ?" ಎಂದು ಎರಡು ಸಲ ಕೇಳಿದರು. ಸಂಜೆಗೆ ಹಲಗೆಯ ಮೇಲೆ ತಾವೇ ಬಣ್ಣದಲ್ಲಿ ಬರೆದು ತೂಗುಹಾಕಿದರು: ನಗರಸಭೆಯ ಬೆಲೆಗೇ. ಕಾಲು ಕಿಲೊ ಕೂಡ.

ಜನ ಬಂದರು. ಬರದೆ ಏನು! ನಮ್ಮಲ್ಲಿ ಸಾಲಿಲ್ಲ, ಬೆಳಿಗ್ಗೆ ಆರಕ್ಕೇ ಬಾಗಿಲು ತೆರೆದಿರುತ್ತದೆ, ಎಷ್ಟು ಬೇಕೋ ಅಷ್ಟೇ ಕೊಳ್ಳಬಹುದು. ಸಕ್ಕರೆ ಆಯಿತು, ಬೇಳೆ ಆಯಿತು, ಎಣ್ಣೆಯೂ ಶುರುವಾಯಿತು. ಇವರು ಎರಡೆರಡು ಸಲ ಅನ್ನ ಹಾಕಿಸಿಕೊಂಡು ಉಣ್ಣತೊಡಗಿದರು. ಗಲ್ಲಾಪೆಟ್ಟಿಗೆಗೆ ಕಿಲೊಗೆ ಎರಡರಂತೆ ಲಾಭ ಬೀಳುತ್ತಿತ್ತು. ಆ ಎರಡನ್ನು ಸೊಸೆಯ ಸಂಬಳದಿಂದ ನಾನೇ ಹಾಕುತ್ತಿದ್ದೆ. ಒಂದೇ ಮನೆಯ ದುಡ್ಡು ಮಹಡಿಯಿಂದ ಇಳಿದು, ರಸ್ತೆ ದಾಟಿ, ಮತ್ತೆ ಮುಂಬಾಗಿಲಿನಿಂದ ಒಳಗೆ ಬರುತ್ತಿತ್ತು. ನಗು ಬರುತ್ತಿತ್ತು ನನಗೆ. ಇವರ ಮುಖ ಕಂಡರೆ ಹೊಟ್ಟೆ ತಣ್ಣಗಾಗುತ್ತಿತ್ತು.

"ಆ ಮಂಡಿಯವನು ಪುಣ್ಯಾತ್ಮ ಕಣೋ," ಎಂದರು ಒಂದು ದಿನ ಮಗನಿಗೆ. "ಒಂದು ಭಾನುವಾರ ಊಟಕ್ಕೆ ಕರಿ."

ಮಗ ಬಾಯಲ್ಲಿದ್ದ ನೀರು ನುಂಗಿ, "ಅವನಿಗೆ ಸಕ್ಕರೆ ಕಾಯಿಲೆ ಅಪ್ಪ, ಹೊರಗೆ ಎಲ್ಲೂ ಉಣ್ಣಲ್ಲ," ಎಂದ.

"ಪಾಪ! ಸಕ್ಕರೆ ಮಾರೋನಿಗೇ!" ಎಂದು ಇವರು ನಿಜವಾಗಿ ಮರುಗಿದರು. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅವತ್ತು ಮೂವರೂ ನಕ್ಕಿದ್ದೇ ಕೊನೆ.

ನಾಲ್ಕನೆಯ ತಿಂಗಳು ಸೊಸೆ ಸಪ್ಪೆ ಮುಖ ಹಾಕಿಕೊಂಡು ಬಂದಳು. "ಅತ್ತೆ, ನಗರಸಭೆಗೆ ಸಕ್ಕರೆ ಬಿದ್ದಿರೋದೇ ನಲವತ್ತೆರಡಕ್ಕಂತೆ. ಮಾರಿದಷ್ಟೂ ನಷ್ಟ. ಎಣಿಸಿದ್ದಕ್ಕಿಂತ ಮಾರಾಟ ವಿಪರೀತ ಹೆಚ್ಚಾಗಿದೆ ಅಂತ ಲೆಕ್ಕದವರು ಬಂದು ಕೂತಿದ್ದಾರೆ. ಅಂಗಡಿ ಇಡಬೇಕೋ ಮುಚ್ಚಬೇಕೋ ಅಂತ ಸಭೆ ಕರೀತಾರಂತೆ."

"ನಮ್ಮ ಹತ್ತು ಕಿಲೊದಿಂದ ನಗರಸಭೆ ಮುಳುಗುತ್ತಾ? ಸುಮ್ನಿರು."

"ನಾವೊಬ್ಬರೇ ಅಂದ್ಕೊಂಡ್ರಾ? ಮೂರು ಬೀದಿಯ ಚಿಲ್ಲರೆ ಅಂಗಡಿಯವರೆಲ್ಲ ಯಾರ್ಯಾರನ್ನೋ ಸಾಲಿಗೆ ಕಳಿಸ್ತಾರೆ. ನನಗೆ ಮುಖ ಗುರುತಾಗಲ್ವಾ?"

ಆ ವಾರವೇ ಮೂಲೆಯ ದೊಡ್ಡ ಅಂಗಡಿಯವನು ನಮ್ಮಲ್ಲಿಗೆ ಬಂದ. ವ್ಯಾಪಾರಿಗಳ ಸಂಘಕ್ಕೆ ಅವನೇ ಮುಖ್ಯಸ್ಥ. ಅಷ್ಟು ವರ್ಷದಲ್ಲಿ ನಮ್ಮ ಹೊಸ್ತಿಲು ತುಳಿದವನಲ್ಲ. ಕುರ್ಚಿ ಎಳೆದುಕೊಂಡು ಕೂತು ಬೆಲ್ಲದಂಥ ಮಾತಾಡಿದ. "ಸಭೇಲಿ ನೀವು ಒಂದು ಮಾತು ಹೇಳ್ಬೇಕು ಯಜಮಾನರೇ. ನಮ್ಮನ್ನು ಯಾರು ನಂಬ್ತಾರೆ? ನಿಮ್ಮ ತಕ್ಕಡಿ ಬಗ್ಗೆ ಈ ಊರಲ್ಲಿ ಎರಡು ಮಾತಿಲ್ಲ."

ಊಟಕ್ಕೆ ಕೂತಾಗ ಇವರ ಮುಖದಲ್ಲಿ ಮದುವೆ ಗಂಡಿನ ಕಳೆ. "ನಾಳೆ ಸಭೇಲಿ ಹೇಳ್ತೀನಿ. ನಷ್ಟ ಮಾಡ್ಕೊಂಡು ನೀವು ಯಾಕೆ ಅಂಗಡಿ ಇಡ್ತೀರಿ, ಅದೇ ಬೆಲೆಗೆ ನಾನು ಲಾಭದಲ್ಲಿ ಕೊಡ್ತಿದ್ದೀನಲ್ಲ, ಮುಂದೂ ಕೊಡ್ತೀನಿ ಅಂತ. ಏನಂತೀಯಾ ಇವಳೇ?"

ಮಗ ತಟ್ಟೆ ನೋಡುತ್ತಾ ಕೂತ. ಸೊಸೆ ನನ್ನನ್ನೇ ನೋಡಿದಳು.

"ಅದೆಲ್ಲ ನಿಮಗ್ಯಾಕ್ರೀ ದೊಡ್ಡವರ ಉಸಾಬರಿ," ಎಂದೆ.

"ದೊಡ್ಡವರೇ ಬಂದು ಕರೆದಿದ್ದಾರೆ ಕಣೇ!"

"ಮಾವ, ಅಂಗಡಿ ಮುಚ್ಚಿದ್ರೆ ನನ್ನ ಕೆಲಸ ಹೋಗುತ್ತೆ," ಎಂದಳು ಸೊಸೆ.

ಇವರು ಅವಳ ತಟ್ಟೆಗೆ ತಮ್ಮ ಪಾಲಿನ ಮೊಟ್ಟೆ ಎತ್ತಿ ಹಾಕಿದರು. "ನಿನಗ್ಯಾಕಮ್ಮ ಇನ್ನು ಆ ಕೆಲಸ? ನಮ್ಮಂಗಡಿ ನಡೀತಿದೆಯಲ್ಲ. ನೀನು ಇಲ್ಲೇ ಗಲ್ಲಾದಲ್ಲಿ ಕೂತ್ಕೋ."

ಅಡುಗೆಮನೆಯಲ್ಲಿ ಅವಳು ನನ್ನ ಕೈ ಹಿಡಿದು ಜಗ್ಗಿದಳು. "ಈಗಲೇ ಹೇಳಿ ಅತ್ತೆ. ನೀವು ಹೇಳದಿದ್ರೆ ನಾನು ಹೇಳ್ತೀನಿ."

"ಈಗ ಬೇಡ. ಹೊಟ್ಟೆ ತುಂಬ ಉಂಡಿದ್ದಾರೆ. ಬೆಳಿಗ್ಗೆ ನಾನೇ ಹೇಳ್ತೀನಿ, ನನ್ನಾಣೆ."

ಬೆಳಿಗ್ಗೆ, ನನ್ನ ಆಣೆ ನಂಬಿ ಸೊಸೆ ಕೆಲಸಕ್ಕೆ ಹೋದ ಮೇಲೆ, ಇವರು ಇಸ್ತ್ರಿಯವಳು ಗರಿಗರಿ ಮಾಡಿಕೊಟ್ಟ ಬಿಳಿ ಅಂಗಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದರು. "ಕಾಲರ್ ಸರಿಯಾಗಿದೆಯಾ ನೋಡು," ಎಂದರು. ನಾನು ಕಾಲರ್ ಸರಿ ಮಾಡಿದೆ. ನಾಲಿಗೆಯ ತುದಿಗೆ ಬಂದಿತ್ತು. ದೇವರಾಣೆ ಬಂದಿತ್ತು. ಆದರೆ ಆ ಮುಖ! ಮದುವೆಯಾದ ಹೊಸದರಲ್ಲಿ ನೋಡಿದ್ದೆ ಅಂಥ ಮುಖವನ್ನು. "ಚೆನ್ನಾಗಿ ಕಾಣ್ತೀರಿ, ಹೋಗ್ಬನ್ನಿ," ಎಂದುಬಿಟ್ಟೆ. ಯಾರನ್ನು ಬೈದರೂ ಆ ಮಾತು ನನ್ನದೇ.

ಸಭೆಯಲ್ಲಿ ಇವರ ಮಾತಿಗೆ ಚಪ್ಪಾಳೆ ಬಿತ್ತಂತೆ. ಮುಚ್ಚಲು ನೆಪ ಹುಡುಕುತ್ತಿದ್ದವರಿಗೆ ಇವರೇ ಸಿಕ್ಕರು. ಪೊಟ್ಟಣ ಕಟ್ಟುವವನೇ ಆ ಬೆಲೆಗೆ ಕೊಡಬಲ್ಲನಾದರೆ ನಗರಸಭೆಗೆ ಇದೆಲ್ಲ ಯಾಕೆ ಎಂದು ಅಧ್ಯಕ್ಷರು ಕೇಳಿದರಂತೆ. ಮೂರು ವಾರಕ್ಕೆ ಶೆಡ್ಡಿನ ಬಾಗಿಲು ಬಿತ್ತು. ಕೊನೆಯ ದಿನ ಸೊಸೆ ಕೈಚೀಲ ಹಿಡಿದು ರಸ್ತೆ ದಾಟಿ ಬಂದವಳು, ನನ್ನನ್ನು ದಾಟಿಕೊಂಡು ನೇರವಾಗಿ ಮಹಡಿ ಹತ್ತಿದಳು.

ಹಿತ್ತಲಿಗೆ ಬಂದ ಇಸ್ತ್ರಿಯವಳು ನನ್ನನ್ನು ನೋಡಿ ನಿಂತಳು. "ನಾಲ್ಕು ಪೊಟ್ಟಣ ಚಹಾಪುಡಿ ಆಸೆಗೆ ಅಗ್ಗಕ್ಕೆ ಸಿಗ್ತಿದ್ದ ಆ ಅಂಗಡೀನ ನಾನೇ ಕಳ್ಕೊಂಡೆ ಅಕ್ಕಾ," ಎಂದಳು.

ಮರುದಿನ ಬೆಳಿಗ್ಗೆ ನಮ್ಮ ಅಂಗಡಿಯ ಮುಂದೆ ಜನವೋ ಜನ. ಇವರು ಸಂಭ್ರಮದಿಂದ ಒಳಗೆ ಬಂದರು. "ಇವಳೇ, ಮಂಡಿಯವನಿಗೆ ಹೇಳಿ ಕಳಿಸು. ಇವತ್ತೇ ಹತ್ತು ಮೂಟೆ ಬೇಕು!"

ಅಕ್ಕಿ ಡಬ್ಬಿಗೆ ಒರಗಿಕೊಂಡು ನಿಂತು ಹೇಳಿದೆ. ಒಂದೂ ಬಿಡದೆ ಹೇಳಿದೆ. ಕಾಲು ಹಿಡಿಯಲು ಬಗ್ಗಿದರೆ ಇವರು ಹಿಂದಕ್ಕೆ ಸರಿದರು.

"ನಡುವಿನ ಎರಡು ಯಾರು ಹಾಕಿದ್ದು?"

"ಸೊಸೆ."

"ಮಗ?"

"ಅವನಿಗೂ ಗೊತ್ತು. ನಾನೇ ಬಲವಂತ ಮಾಡಿದ್ದು ರೀ, ಅವರ ತಪ್ಪಿಲ್ಲ."

"ಇಸ್ತ್ರಿಯವಳಿಗೂ ಗೊತ್ತಿತ್ತಾ?"

"ಗೊತ್ತಿತ್ತು."

"ಅಂದ್ರೆ ನನಗೊಬ್ಬನಿಗೇ ಗೊತ್ತಿರಲಿಲ್ಲ," ಎಂದರು. ಕೂಗಾಡಿದ್ದರೆ, ಕೈಗೆ ಸಿಕ್ಕಿದ್ದನ್ನು ಎಸೆದಿದ್ದರೆ ನನಗೆ ಬದುಕಿಕೊಂಡೆ ಅನಿಸುತ್ತಿತ್ತು. ಹೊರಗೆ ಹೋಗಿ ಇದ್ದಷ್ಟು ಸಕ್ಕರೆಯನ್ನು ನಲವತ್ತಕ್ಕೇ ತೂಗಿ ಕೊಟ್ಟರು.

ಆ ಮಧ್ಯಾಹ್ನ ಕಾಲೆಳೆದುಕೊಂಡು ತಾವೇ ಮಂಡಿಗೆ ಹೋದರು. ಎಷ್ಟೋ ವರ್ಷದ ಉಳಿತಾಯವನ್ನು ಬಿಡಿಸಿ ತಂದಿದ್ದರು. ಮೊದಲು ಸೊಸೆಯ ಎರಡೆರಡನ್ನೂ ಕೂಡಿಸಿ, ಬೇಡ ಮಾವ ಎಂದು ಅವಳು ಅಳುತ್ತಿದ್ದರೂ, ಮಹಡಿ ಮೆಟ್ಟಿಲ ಮೇಲೆ ಇಟ್ಟು ಬಂದಿದ್ದರು. ಮಿಕ್ಕದ್ದರಲ್ಲಿ ಸಕ್ಕರೆ, ಬೇಳೆ, ಎಣ್ಣೆ. ಎದುರಿನ ಅಂಗಡಿ ಮುಚ್ಚಿದ್ದೇ ತಡ ಮಂಡಿಯಲ್ಲಿ ಸಕ್ಕರೆ ನಲವತ್ತಾರಾಗಿತ್ತು. ಮೂಲೆಯ ದೊಡ್ಡ ಅಂಗಡಿಯವನು ಐವತ್ತೆರಡಕ್ಕೆ ಏರಿಸಿದ್ದ. ಇವರದು ನಲವತ್ತು.

"ಅಪ್ಪ, ಆ ಹಲಗೆ ಇಳಿಸಿಬಿಡಿ. ಕೈ ಮುಗೀತೀನಿ," ಎಂದ ಮಗ.

"ಹಲಗೆ ಇಳಿಸಬಹುದು. ಸಭೇಲಿ ಎದ್ದು ನಿಂತು ಬಾಯಲ್ಲಿ ಹೇಳಿದ್ದೀನಲ್ಲ?"

"ಗೊತ್ತಿಲ್ಲದೆ ಹೇಳಿದ್ದು ಅಂತ ಹೇಳಿ."

"ಯಾರ ಹೆಸರು ಹೇಳ್ಲಿ? ನಿಮ್ಮಮ್ಮನದಾ, ನಿನ್ನ ಹೆಂಡತಿದಾ? ನನ್ನ ಮಾತು ಕೇಳಿ ಅಲ್ಲೊಂದು ಅಂಗಡಿ ಮುಚ್ಚಿದ್ದಾರೆ ಕಣೋ. ಈ ಜನ ಎಲ್ಲಿಗೆ ಹೋಗ್ಬೇಕು?"

"ಎಷ್ಟು ದಿನ ಹೀಗೆ?"

"ಇರೋ ಅಷ್ಟು ದಿನ."

ಆ ಉಳಿತಾಯ ಏಳು ವಾರ ಬಂತು. ಆ ಏಳು ವಾರ ಇವರು ನನ್ನ ಜೊತೆ ಮಾತಾಡಲಿಲ್ಲ. ತಟ್ಟೆ ಇಟ್ಟರೆ ಉಣ್ಣುತ್ತಿದ್ದರು, ಉಂಡ ತಟ್ಟೆಯನ್ನು ತಾವೇ ತೊಳೆದು ಇಡುತ್ತಿದ್ದರು. ಉಪ್ಪು ಹೆಚ್ಚಾದರೂ ಹೇಳಲಿಲ್ಲ, ಹಾಕುವುದನ್ನೇ ಮರೆತರೂ ಹೇಳಲಿಲ್ಲ. ಸೊಸೆ ಊರಾಚೆಯ ಹೊಲಿಗೆ ಕಾರ್ಖಾನೆಗೆ ಸೇರಿದಳು. ಬೆಳಿಗ್ಗೆ ಐದಕ್ಕೆ ಹೋದರೆ ಸಂಜೆ ಕಾಲು ಊದಿಸಿಕೊಂಡು ಬರುತ್ತಿದ್ದಳು. "ಬಿಸಿನೀರು ಇಡ್ಲೇನೇ?" ಎಂದರೆ "ಬೇಡ ಅತ್ತೆ" ಎಂದಷ್ಟೇ ಹೇಳಿ ತಗಡಿನ ಕೆಳಗೆ ಹೋಗಿ ಮಲಗುತ್ತಿದ್ದಳು. ಮಗ ಊಟ ಹೊರಗೇ ಮುಗಿಸಿ ಬರುತ್ತಿದ್ದ. ನಾಲ್ಕು ಜನಕ್ಕೆಂದು ಮಾಡಿ ಉಳಿದ ಅನ್ನವನ್ನು ನಾನೊಬ್ಬಳೇ ಎರಡು ಹೊತ್ತು ತಿಂದೆ.

ಏಳನೆಯ ಶನಿವಾರ ಡಬ್ಬಿಗಳೆಲ್ಲ ಬರಿದಾಗಿದ್ದವು. ಒಂದು ಚೀಲದ ತಳದಲ್ಲಿ ಒಂದಷ್ಟು ಸಕ್ಕರೆ ಉಳಿದಿತ್ತು, ಅಷ್ಟೇ. ಹೊರಗೆ ಸಾಲು ರಸ್ತೆಯವರೆಗೂ ಇತ್ತು. ನಮ್ಮ ಅಡುಗೆಮನೆಯಲ್ಲಿ ಸಕ್ಕರೆ ಮುಗಿದು ಎರಡು ದಿನವಾಗಿತ್ತು. ಇವರು ಸಕ್ಕರೆ ಇಲ್ಲದ ಚಹಾವನ್ನೇ ಕುಡಿದು ಎದ್ದು ಹೋಗುತ್ತಿದ್ದರು.

ಒಳಬಾಗಿಲಿನಿಂದ ಹೇಳಿದೆ, "ರೀ, ಮನೆಗೂ ಒಂದಿಷ್ಟು ತೆಗೆದಿಡಿ."

ತಿರುಗಿ ನೋಡದೆ ಇವರು ಹೇಳಿದರು: "ಎಲ್ಲರೂ ಸಾಲಲ್ಲಿ ನಿಂತಿದ್ದಾರೆ."

ಏಳು ವಾರದಲ್ಲಿ ನನಗೆ ಬಂದ ಮೊದಲ ಮಾತು ಅದು. ನಾನು ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಓಣಿ ಸುತ್ತಿ, ಹೋಗಿ ಸಾಲಿನ ಕೊನೆಗೆ ನಿಂತೆ. ನನ್ನ ಮುಂದೆ ಇಸ್ತ್ರಿಯವಳು. ಒಮ್ಮೆ ತಿರುಗಿ ನೋಡಿ ಮುಂದಕ್ಕೆ ಸರಿದಳು. ಬಿಸಿಲು ಸುಡುತ್ತಿತ್ತು. ನನ್ನ ಹಿಂದೆಯೂ ನಾಲ್ಕಾರು ಜನ ಸೇರಿದರು. ಒಳಗೆ ಇವರು ಒಬ್ಬೊಬ್ಬರಿಗೂ ತೂಗುತ್ತಿದ್ದರು, ಮಡಿಸುತ್ತಿದ್ದರು, ಕೊಡುತ್ತಿದ್ದರು.

ನನ್ನ ಸರದಿ ಬಂತು. ಇವರು ತಲೆ ಎತ್ತಿ ನನ್ನನ್ನು ನೋಡಿದರು.

"ಎಷ್ಟು ಕೊಡ್ಲಿ ಅಮ್ಮಾ?" ಎಂದು ಕೇಳಿದರು.

"ಕಾಲು ಕಿಲೊ," ಎಂದೆ.

ತೂಗಿದರು. ತಕ್ಕಡಿಯ ಮುಳ್ಳು ನಿಲ್ಲುವವರೆಗೂ ಕಾದು, ಕಾಗದ ಮಡಿಸಿ ನನ್ನ ಕೈಗಿಟ್ಟರು. ನಾನು ಕೊಟ್ಟ ಹತ್ತನ್ನು ಎಣಿಸಿ ಪೆಟ್ಟಿಗೆಗೆ ಹಾಕಿಕೊಂಡರು. ಆಮೇಲೆ ಕುತ್ತಿಗೆ ಪಕ್ಕಕ್ಕೆ ವಾಲಿಸಿ ನನ್ನ ಹಿಂದೆ ನಿಂತವರನ್ನು ಕರೆದರು.